ಆರು ನೆಲೆಗಳ ಒಂದು ಕಣ್ಣು

ಒಂದು ಮನೆಯ ಮದುವೆಯನ್ನು ಸಾಂಗವಾಗಿ ನೆರವೇರಿಸುವುದೆಂದರೆ ಸಾಮಾನ್ಯ ಕಾರ್ಯವಲ್ಲ. ಅಡಿಗೆಯವರು ಒಂದು ಕಡೆ, ವಾಲಗದವರು ಇನ್ನೊಂದು ಕಡೆ, ಬೀಗರು ಮತ್ತೊಂದು ಕಡೆ. ಇವರೆಲ್ಲರನ್ನೂ ಮುಹೂರ್ತಕ್ಕೆ ಸರಿಯಾಗಿ ಒಂದುಗೂಡಿಸುವಷ್ಟರಲ್ಲಿ ಮನೆಯ ಯಜಮಾನನಿಗೆ ಸಾಕುಬೇಕಾಗಿರುತ್ತದೆ. ಎಲ್ಲರೂ ಒಂದೇ ಛತ್ರದಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ಇರುವಾಗಲೇ ಹೀಗೆ! ಇನ್ನು ಕೆಲಸ ಮಾಡುವವರು ಭೂಮಂಡಲದ ಮೂಲೆಮೂಲೆಗಳಲ್ಲಿ ಚದುರಿದ್ದರೆ? ಒಬ್ಬರ ಹಗಲು ಇನ್ನೊಬ್ಬರ ರಾತ್ರಿಯಾಗಿದ್ದರೆ? ಅವರಲ್ಲಿ ಅನೇಕರು ಒಬ್ಬರ ಮುಖವನ್ನೊಬ್ಬರು ಕಂಡೇ ಇಲ್ಲದಿದ್ದರೆ? ಮೇಲಾಗಿ, ಮುಹೂರ್ತವು ಸೆಕೆಂಡಿನ ಅತ್ಯಲ್ಪ ಭಾಗದಷ್ಟೂ ತಪ್ಪಕೂಡದೆಂದಿದ್ದರೆ?

ಇಂಥದೊಂದು ಕಾರ್ಯವು ೨೦೧೭ರ ಏಪ್ರಿಲ್ ತಿಂಗಳಿನಲ್ಲಿ ನಿಜವಾಗಿಯೂ ನಡೆಯಿತು. ಅದರ ಫಲವಾಗಿ ಎರಡು ವರ್ಷಗಳ ತರುವಾಯ ಮಾನವಕುಲವು ಮೊಟ್ಟಮೊದಲ ಬಾರಿಗೆ ಕೃಷ್ಣರಂಧ್ರವೊಂದರ ಚಿತ್ರವನ್ನು ಕಂಡಿತು. ಕಪ್ಪು ನಡುವನ್ನು ಸುತ್ತುವರಿದ ಆ ಕೆಂಬಣ್ಣದ ಉಂಗುರವನ್ನು ವೃತ್ತಪತ್ರಿಕೆಗಳಲ್ಲಿ ನೋಡದವರು ವಿರಳ. ಆದರೆ ಅದರ ಹಿಂದೆ ಇನ್ನೂರಕ್ಕೂ ಹೆಚ್ಚು ಮಂದಿ ಹೇಗೆ ಹೊಂದಿಕೊಂಡು ದುಡಿದರು, ಯಾರು ಯಾವಾಗ ಮಾತನಾಡಿದರು, ಯಾವಾಗ ಬಾಯಿ ಮುಚ್ಚಿಕೊಂಡಿದ್ದರು ಎಂಬ ವೃತ್ತಾಂತವೂ ಆ ಚಿತ್ರದಷ್ಟೇ ಸ್ವಾರಸ್ಯವಾದುದು.

ಚಂದ್ರನ ಮೇಲಿನ ಕಿತ್ತಳೆ

ನಮ್ಮ ಆಕಾಶಗಂಗೆಯಿಂದಾಚೆ, ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿ, ಎಂ ೮೭ ಎಂಬ ಬೃಹತ್ತಾದ ಗ್ಯಾಲಕ್ಸಿಯೊಂದಿದೆ. ಅದರ ಗರ್ಭದಲ್ಲಿ ಅಡಗಿರುವ ಕೃಷ್ಣರಂಧ್ರದ ದ್ರವ್ಯರಾಶಿಯು ನಮ್ಮ ಸೂರ್ಯನದಕ್ಕಿಂತ ಸುಮಾರು ೬೫೦ ಕೋಟಿ ಪಟ್ಟು ಹೆಚ್ಚು. ಬೆಳಕೂ ಅದರ ಸೆಳೆತದಿಂದ ತಪ್ಪಿಸಿಕೊಳ್ಳಲಾರದು. ಹಾಗಾಗಿ ಅದನ್ನೇ ನೋಡುವುದು ಅಸಾಧ್ಯ. ಅದರ ಸುತ್ತ ಸುಳಿದು ಕಾದು ಹೊಳೆಯುವ ಅನಿಲದ ನಡುವೆ ಬೀಳುವ ನೆರಳನ್ನು ಮಾತ್ರ ನೋಡಬಹುದು. ಇಷ್ಟು ದೂರದಿಂದ ಆ ಹೊಳೆವ ಉಂಗುರವು ಎಷ್ಟು ದೊಡ್ಡದಾಗಿ ಕಾಣಿಸೀತು? ಚಂದ್ರನ ಮೇಲೊಂದು ಕಿತ್ತಳೆ ಹಣ್ಣನ್ನಿಟ್ಟು ಭೂಮಿಯಿಂದ ನೋಡಿದಷ್ಟು!

ದೂರದರ್ಶಕದ ಅಗಲ ಹೆಚ್ಚಿದಂತೆ ಅದರ ದೃಷ್ಟಿಯ ಸೂಕ್ಷ್ಮತೆಯೂ ಹೆಚ್ಚುತ್ತದೆ. ಈ ಕೆಲಸಕ್ಕೆ ಆಯ್ದುಕೊಂಡಿದ್ದು ೧.೩ ಮಿಲಿಮೀಟರ್ ಉದ್ದದ ರೇಡಿಯೋ ಅಲೆಗಳನ್ನು. ಆ ಅಲೆಗಳಲ್ಲಿ ಆ ‘ಕಿತ್ತಳೆ’ಯನ್ನು ಗುರುತಿಸಬೇಕಾದರೆ ಭೂಮಿಯಷ್ಟೇ ಅಗಲವಾದ ದೂರದರ್ಶಕ ಬೇಕಾಗುತ್ತದೆ. ಅದನ್ನು ಕಟ್ಟುವುದು ಯಾರಿಂದಲೂ ಆಗದ ಮಾತು. ಆದರೆ ದೂರದೂರದ ದೂರದರ್ಶಕಗಳು ಒಂದೇ ಗುರಿಯನ್ನು ಒಂದೇ ಸಮಯದಲ್ಲಿ ನೋಡಿ, ತಾವು ಹಿಡಿದ ಅಲೆಗಳನ್ನು ನಿಖರವಾದ ವೇಳೆಯೊಡನೆ ಬರೆದಿಟ್ಟುಕೊಂಡರೆ, ಆಮೇಲೆ ಆ ಬರಹಗಳನ್ನು ಜೋಡಿಸಿ ಭೂಗಾತ್ರದ ಕಣ್ಣಿನ ಕೆಲಸವನ್ನು ಮಾಡಿಸಿಕೊಳ್ಳಬಹುದು. ಈ ಉಪಾಯವನ್ನು ನೆಚ್ಚಿ ಹುಟ್ಟಿದ ಕೂಟವೇ ಈವೆಂಟ್ ಹೊರೈಜನ್ ಟೆಲಿಸ್ಕೋಪ್.

೨೦೧೭ರಲ್ಲಿ ಅದಕ್ಕೆ ಒದಗಿದ್ದು ಆರು ನೆಲೆಗಳ ಎಂಟು ದೂರದರ್ಶಕಗಳು: ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ಎರಡು, ಹವಾಯಿಯ ಮೌನಾ ಕಿಯಾ ಪರ್ವತದ ಮೇಲೆ ಎರಡು, ಸ್ಪೇನಿನ ಪಿಕೋ ವೆಲೆಟಾ, ಮೆಕ್ಸಿಕೋದ ಸಿಯೆರಾ ನೆಗ್ರಾ ಮತ್ತು ಅರಿಜೋನದ ಮೌಂಟ್ ಗ್ರಹಾಮ್ ಶಿಖರಗಳಲ್ಲಿ ಒಂದೊಂದು, ಕಡೆಯದು ದಕ್ಷಿಣ ಧ್ರುವದ ಹಿಮದ ಮೇಲೆ. ಇವು ಯಾವುವೂ ಒಬ್ಬ ಒಡೆಯನವಲ್ಲ. ಪ್ರತಿಯೊಂದಕ್ಕೂ ಅದರದೇ ಆದ ಸಂಸ್ಥೆ, ಅದರದೇ ಸಿಬ್ಬಂದಿ, ಅದರ ಬಾಗಿಲಲ್ಲಿ ಸರದಿಗಾಗಿ ಕಾದು ನಿಂತ ಬೇರೆ ಖಗೋಳಶಾಸ್ತ್ರಜ್ಞರು.

ಯಾರ ಗಡಿಯಾರ?

ಅಮೆರಿಕದಲ್ಲಿರುವ ಮಗನಿಗೆ ಎಷ್ಟು ಹೊತ್ತಿಗೆ ಫೋನು ಮಾಡಿದರೆ ಎಚ್ಚರವಾಗಿರುತ್ತಾನೆಂದು ಬೆರಳು ಮಡಿಸಿ ಲೆಕ್ಕ ಹಾಕುವ ತಾಯಂದಿರಿಗೆ ಈ ತಂಡದ ಮೊದಲ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಏಪ್ರಿಲ್‌ನಲ್ಲಿ, ತಂಡದ ಮುಖ್ಯ ಠಾಣ್ಯವಿದ್ದ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಬೆಳಿಗ್ಗೆ ಎಂಟು ಗಂಟೆಯಾದಾಗ ಅರಿಜೋನದಲ್ಲಿ ನಸುಕಿನ ಐದು. ಹವಾಯಿಯಲ್ಲಿ ನಡುರಾತ್ರಿ ಕಳೆದು ಎರಡು. ಸ್ಪೇನ್ ಮತ್ತು ಜರ್ಮನಿಗಳಲ್ಲಿ ಮಧ್ಯಾಹ್ನ ಎರಡು. ಟೋಕಿಯೋದಲ್ಲಿ ರಾತ್ರಿ ಒಂಬತ್ತು. ನ್ಯೂಜಿಲೆಂಡಿನ ಗಡಿಯಾರವನ್ನನುಸರಿಸುವ ದಕ್ಷಿಣ ಧ್ರುವದ ಠಾಣ್ಯದಲ್ಲಿ ಸರಿಯಾಗಿ ನಡುರಾತ್ರಿ. ಹೀಗಿರುವಾಗ “ನಾಳೆ ಬೆಳಿಗ್ಗೆ ಆರಂಭಿಸೋಣ” ಎಂದು ಯಾರಾದರೂ ಹೇಳಿದರೆ, ಯಾರ ನಾಳೆ? ಯಾರ ಬೆಳಿಗ್ಗೆ?

ಆದುದರಿಂದ ಯಾರ ಮನೆಯ ಗಡಿಯಾರವನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ವೇಳಾಪಟ್ಟಿಯೆಲ್ಲವನ್ನೂ ವಿಶ್ವವೇಳೆಯಲ್ಲಿ ಬರೆಯಲಾಯಿತು. ಯಾವ ಗಳಿಗೆಯಿಂದ ಯಾವ ಗಳಿಗೆಯವರೆಗೆ ಎಂ ೮೭ನ್ನು ನೋಡಬೇಕು, ಯಾವಾಗ ಉಪಕರಣಗಳ ಹದವನ್ನು ಪರೀಕ್ಷಿಸಲು ಬೇರೊಂದು ಪರಿಚಿತ ಆಕಾಶಕಾಯದತ್ತ ತಿರುಗಬೇಕು ಎಂಬುದೆಲ್ಲ ಕೆಲಕೆಲವೇ ನಿಮಿಷಗಳ ತುಣುಕುಗಳಾಗಿ ಅದರಲ್ಲಿ ನಮೂದಾಗಿತ್ತು. ಭೂಮಿ ತಿರುಗುತ್ತಿದ್ದಂತೆ ಗುರಿಯು ಮೊದಲು ಸ್ಪೇನಿನವರ ಕಣ್ಣಿಗೆ ಬೀಳುತ್ತದೆ, ಅವರ ಆಕಾಶದಿಂದ ಅದು ಇಳಿಯುವ ಹೊತ್ತಿಗೆ ಅಮೆರಿಕ ಖಂಡದವರ ಪಾಳಿ ಏರಿರುತ್ತದೆ, ಕಡೆಯಲ್ಲಿ ಹವಾಯಿಯವರದು.

ಅಲೆಗಳನ್ನು ಜೋಡಿಸಲು ಬೇಕಾದ ಸೂಕ್ಷ್ಮತೆಗೆ ಕೈಗಡಿಯಾರವಾಗಲಿ ಗೋಡೆಗಡಿಯಾರವಾಗಲಿ ಸಾಲದು. ಪ್ರತಿಯೊಂದು ನೆಲೆಯಲ್ಲಿಯೂ ಹೈಡ್ರೋಜನ್ ಮೇಸರ್ ಎಂಬ ಪರಮಾಣು ಗಡಿಯಾರವನ್ನು ಇರಿಸಲಾಗಿತ್ತು. ಕೋಟ್ಯಂತರ ವರ್ಷಗಳಿಗೆ ಒಂದು ಸೆಕೆಂಡು ತಪ್ಪಿದರೆ ತಪ್ಪೀತು, ಅಷ್ಟು ನಿಖರವಾದುದು ಅದು. ಕೆಲಸದ ನಡುವೆ ಒಬ್ಬರನ್ನೊಬ್ಬರು ಕೇಳುವ ಅವಶ್ಯಕತೆಯೇ ಇಲ್ಲದಂತೆ ಈ ಗಡಿಯಾರಗಳೂ ಆ ವೇಳಾಪಟ್ಟಿಯೂ ಮಾಡಿದ್ದವು.

ಹೂಂ, ಅಥವಾ ಊಹೂಂ

ಗಡಿಯಾರವನ್ನು ಒಪ್ಪಿಸಬಹುದು, ಮೋಡವನ್ನು ಒಪ್ಪಿಸಲಾಗದು. ಗಾಳಿಯಲ್ಲಿನ ನೀರಾವಿ ಈ ಸೂಕ್ಷ್ಮ ಅಲೆಗಳನ್ನು ನುಂಗಿಬಿಡುತ್ತದೆ. ಆದ್ದರಿಂದಲೇ ಈ ದೂರದರ್ಶಕಗಳೆಲ್ಲ ಎತ್ತರದ, ಒಣಹವೆಯ ತಾಣಗಳಲ್ಲಿವೆ. ಆದರೂ ಸಮುದ್ರಗಳಾಚೆ ಹರಡಿಕೊಂಡ ಆರು ನೆಲೆಗಳಲ್ಲಿ ಒಂದೇ ರಾತ್ರಿ ಹವೆ ಚೆನ್ನಾಗಿರಬೇಕೆಂದರೆ ಅದೃಷ್ಟವೂ ಕೂಡಿಬರಬೇಕು.

ತಂಡಕ್ಕೆ ದೊರೆತಿದ್ದ ಅವಧಿ ಹತ್ತು ರಾತ್ರಿಗಳು. ಅದರಲ್ಲಿ ಉಪಯೋಗಿಸಿಕೊಳ್ಳಬಹುದಾದವು ಐದು ಮಾತ್ರ. ಇಂದಿನ ಹವೆ ಸಾಧಾರಣವಾಗಿದೆಯೆಂದು ಬಿಟ್ಟುಕೊಟ್ಟರೆ ನಾಳೆ ಇನ್ನೂ ಕೆಟ್ಟೀತು. ದುಡುಕಿ ಇಂದೇ ವ್ಯಯಮಾಡಿದರೆ ನಾಳೆಯ ನಿರ್ಮಲಾಕಾಶ ಕೈತಪ್ಪೀತು. ಈ ಇಕ್ಕಟ್ಟಿನಲ್ಲಿ ಇನ್ನೂರು ಮಂದಿಯನ್ನು ಕೂಡಿಸಿ ಚರ್ಚೆ ನಡೆಸುತ್ತ ಕುಳಿತರೆ ಬೆಳಗಾಗುವುದೇ ಸೈ! ಅದಕ್ಕಾಗಿ ಕೆಲಸವನ್ನು ಸ್ಪಷ್ಟವಾಗಿ ಹಂಚಲಾಗಿತ್ತು. ಪ್ರತಿಯೊಂದು ನೆಲೆಯವರೂ ತಮ್ಮ ಹವೆ ಮತ್ತು ಯಂತ್ರಗಳ ಸ್ಥಿತಿಯನ್ನು ತಿಳಿಸುವರು. ಎಲ್ಲವೂ ಮಸಾಚುಸೆಟ್ಸ್‌ನ ಕೇಂಬ್ರಿಜ್‌ಗೆ ಬಂದು ಸೇರುವುದು. ಕಾರ್ಯಾರಂಭಕ್ಕೆ ಕೆಲವು ಗಂಟೆಗಳ ಮೊದಲು ತಂಡದ ನಿರ್ದೇಶಕ ಶೆಪ್ ಡೋಲ್ಮನ್ ಅವರು ತಮ್ಮ ಜೊತೆಯವರೊಡನೆ ಆಲೋಚಿಸಿ, ಹೂಂ ಅಥವಾ ಊಹೂಂ ಎಂದು ನಿಶ್ಚಯಿಸುವರು. ಆಮೇಲೆ ಅದಕ್ಕೆ ಎದುರಾಡುವಂತಿಲ್ಲ. ಆಯಾ ಶಿಖರದ ಮೇಲೆ ಯಂತ್ರವನ್ನು ನಡೆಸುವುದು ಮಾತ್ರ ಅಲ್ಲಿಯವರದೇ ಹೊಣೆ. ಅದರಲ್ಲಿ ಕೇಂಬ್ರಿಜ್ ಕೈಹಾಕುವಂತಿಲ್ಲ.

ಏಪ್ರಿಲ್ ೫ರಂದು ಎಲ್ಲ ಕಡೆಗಳಿಂದಲೂ ಶುಭವಾರ್ತೆ ಬಂದಿತು. ‘ಹೂಂ’ ಎಂಬ ಅಪ್ಪಣೆಯೂ ಹೊರಟಿತು. ೬ ಮತ್ತು ೭ರಂದೂ ಹಾಗೆಯೇ. ೮ ಮತ್ತು ೯ರಂದು ಮೆಕ್ಸಿಕೋದ ಹವೆಯೂ ಅರಿಜೋನದ ಬಿರುಗಾಳಿಯೂ ಸೇರಿ ಕೆಲಸವನ್ನು ತಡೆದವು. ಹವಾಯಿಯಲ್ಲಿ ಆಕಾಶ ಎಷ್ಟೇ ತಿಳಿಯಾಗಿದ್ದರೂ ಅಲ್ಲಿಯವರು ಸುಮ್ಮನಿರಬೇಕಾಯಿತು. ಒಂದೇ ಕಣ್ಣಿನ ಭಾಗವಾದ ಮೇಲೆ ಅರ್ಧ ರೆಪ್ಪೆ ತೆರೆದು ಪ್ರಯೋಜನವೇನು? ೧೦ ಮತ್ತು ೧೧ರಂದು ಪುನಃ ಕೆಲಸ ನಡೆದು ಐದು ರಾತ್ರಿಗಳ ಲೆಕ್ಕ ಮುಗಿಯಿತು.

ವಿಮಾನವೇರಿದ ಪೆಟ್ಟಿಗೆಗಳು

ಈ ಐದು ರಾತ್ರಿಗಳಲ್ಲಿ ಕೂಡಿಬಿದ್ದ ದತ್ತಾಂಶವು ಸುಮಾರು ೫,೦೦೦ ಟೆರಾಬೈಟ್. ಸೆಕೆಂಡಿಗೆ ನೂರು ಮೆಗಾಬಿಟ್ ಸಾಗಿಸುವ ಇಂಟರ್‌ನೆಟ್ ಸಂಪರ್ಕದಲ್ಲಿ ಎಡೆಬಿಡದೆ ಕಳುಹಿಸಿದರೂ ಇದು ತಲುಪಲು ಹನ್ನೆರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿದೀತು! ಕ್ಷಣಮಾತ್ರದಲ್ಲಿ ಲೋಕದ ಆಚೆ ತುದಿಗೆ ಸುದ್ದಿ ಮುಟ್ಟಿಸುವ ಈ ಯುಗದಲ್ಲಿಯೂ ಅವರು ಹಿಂದಿನವರಂತೆ ಪೆಟ್ಟಿಗೆ ಕಟ್ಟಿ ಕಳುಹಿಸಬೇಕಾಯಿತು. ಎತ್ತರದ ತೆಳುವಾದ ಗಾಳಿಯಲ್ಲಿ ಸಾಮಾನ್ಯ ಹಾರ್ಡ್ ಡಿಸ್ಕುಗಳು ಕೆಡುವುದರಿಂದ, ಹೀಲಿಯಂ ಅನಿಲ ತುಂಬಿ ಮುಚ್ಚಿದ ಡಿಸ್ಕುಗಳಲ್ಲಿ ಎಲ್ಲವನ್ನೂ ದಾಖಲಿಸಲಾಗಿತ್ತು. ಸುಮಾರು ಅರ್ಧ ಟನ್ನು ತೂಗುವ ಈ ಡಿಸ್ಕುಗಳು ವಿಮಾನವೇರಿ ಎರಡು ಕೇಂದ್ರಗಳಿಗೆ ಹೊರಟವು. ಒಂದು ಮಸಾಚುಸೆಟ್ಸ್‌ನ ಹೇಸ್ಟ್ಯಾಕ್ ವೀಕ್ಷಣಾಲಯ. ಇನ್ನೊಂದು ಜರ್ಮನಿಯ ಬಾನ್ ನಗರದ ಮ್ಯಾಕ್ಸ್ ಪ್ಲಾಂಕ್ ರೇಡಿಯೋ ಖಗೋಳವಿಜ್ಞಾನ ಸಂಸ್ಥೆ. ಅಲೆಗಳ ಕೆಳಪಟ್ಟಿಯನ್ನು ಒಂದು ಕಡೆ, ಮೇಲ್ಪಟ್ಟಿಯನ್ನು ಇನ್ನೊಂದು ಕಡೆ ಜೋಡಿಸುವುದು. ಆಮೇಲೆ ಎರಡನ್ನೂ ತಾಳೆ ನೋಡುವುದು. ಒಂದು ಕಡೆಯ ಪ್ರಮಾದ ಇನ್ನೊಂದು ಕಡೆ ಬಯಲಾಗಲೆಂದೇ ಈ ಏರ್ಪಾಟು.

ಆದರೆ ಒಂದು ನೆಲೆಯ ಪೆಟ್ಟಿಗೆಗಳು ಬರಲೇ ಇಲ್ಲ. ದಕ್ಷಿಣ ಧ್ರುವದಲ್ಲಿ ಏಪ್ರಿಲ್ ಎಂದರೆ ದೀರ್ಘರಾತ್ರಿಯ ಆರಂಭ. ಫೆಬ್ರವರಿಯಿಂದ ಸುಮಾರು ಅಕ್ಟೋಬರ್ ಕಡೆಯವರೆಗೆ ಅಲ್ಲಿಗೆ ವಿಮಾನಗಳ ಸಂಚಾರವಿರುವುದಿಲ್ಲ. ದೂರದರ್ಶಕವನ್ನು ನಡೆಸಿದವರೂ ಅಲ್ಲಿಯೇ, ಡಿಸ್ಕುಗಳೂ ಅಲ್ಲಿಯೇ! ಎಂ ೮೭ ಉತ್ತರದ ಆಕಾಶದಲ್ಲಿರುವುದರಿಂದ ಅದು ಧ್ರುವದವರಿಗೆ ಎಂದೂ ಕಾಣಿಸುವುದಿಲ್ಲ. ಅವರು ನೋಡಿದ್ದು ನಮ್ಮ ಆಕಾಶಗಂಗೆಯ ನಡುವಿರುವ ಇನ್ನೊಂದು ಕೃಷ್ಣರಂಧ್ರವನ್ನೂ ಉಪಕರಣಗಳ ಹದವನ್ನು ಅಳೆಯಲು ಬೇಕಾದ ಆಕಾಶಕಾಯಗಳನ್ನೂ. ಆದರೂ ಪೂರ್ತಿ ದಾಖಲೆಯಿಲ್ಲದೆ ಮುಂದುವರಿಯುವುದು ಉಚಿತವಲ್ಲವೆಂದು ಎಲ್ಲರೂ ಕಾದರು. ಧ್ರುವದ ಪೆಟ್ಟಿಗೆಗಳು ಹೇಸ್ಟ್ಯಾಕ್ ತಲುಪಿದ್ದು ೨೦೧೭ರ ಡಿಸೆಂಬರಿನಲ್ಲಿ, ಎಂಟು ತಿಂಗಳ ತರುವಾಯ. ಅವುಗಳ ಚಳಿ ಬಿಡಿಸಿ, ಬೆಚ್ಚಗಾದ ಮೇಲೆಯೇ ಯಂತ್ರಕ್ಕೆ ಜೋಡಿಸಬೇಕಾಯಿತು.

ಮಾತನಾಡಕೂಡದು

ಮುಂದಿನದು ಈ ಕಥೆಯ ಅತ್ಯಂತ ಕುತೂಹಲಕರ ಭಾಗ. ಎಂಟು ದೂರದರ್ಶಕಗಳಿದ್ದರೂ ಅವು ಭೂಮಿಯ ಅಲ್ಪಭಾಗವನ್ನು ಮಾತ್ರ ಆವರಿಸುತ್ತವೆ. ಅನೇಕ ಸ್ವರಗಳು ಬಿಟ್ಟುಹೋದ ಕೀರ್ತನೆಯೊಂದನ್ನು ಕೇಳಿ ರಾಗವನ್ನು ಗುರುತಿಸುವಂತೆ, ಇದ್ದ ದತ್ತಾಂಶದಿಂದಲೇ ಚಿತ್ರವನ್ನು ಊಹಿಸಿ ರಚಿಸಬೇಕು. ಇಲ್ಲೊಂದು ಅಪಾಯವುಂಟು. ಉಂಗುರವೇ ಕಾಣಬೇಕೆಂದು ಮನಸ್ಸು ಮೊದಲೇ ನಿಶ್ಚಯಿಸಿದ್ದರೆ, ಇಲ್ಲದ ಉಂಗುರವೂ ಕಂಡೀತು! ಐನ್‌ಸ್ಟೈನರ ಸಿದ್ಧಾಂತವು ಇಂಥ ನೆರಳನ್ನು ಸೂಚಿಸಿರುವುದು ತಂಡದವರೆಲ್ಲರಿಗೂ ಗೊತ್ತಿತ್ತು. ಒಬ್ಬರು “ನನಗೆ ಉಂಗುರ ಕಂಡಿತು” ಎಂದೊಡನೆ ಉಳಿದವರ ಕಣ್ಣೂ ಅತ್ತಲೇ ವಾಲುವುದು ಮನುಷ್ಯಸಹಜ. ತಪ್ಪು ಚಿತ್ರವನ್ನು ಲೋಕದ ಮುಂದಿಟ್ಟಿದ್ದರೆ ಅಷ್ಟೂ ಜನರ ವರ್ಷಗಟ್ಟಲೆಯ ಶ್ರಮ ಮಣ್ಣುಪಾಲಾಗುತ್ತಿತ್ತು.

ಆದುದರಿಂದ ೨೦೧೮ರ ಜೂನ್‌ನಲ್ಲಿ ದತ್ತಾಂಶವು ಕೈಗೆ ಬಂದಾಗ, ಚಿತ್ರ ರಚಿಸುವವರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಎರಡು ಗುಂಪುಗಳು ಹೊಸ ವಿಧಾನಗಳಿಗೂ, ಇನ್ನೆರಡು ರೇಡಿಯೋ ಖಗೋಳಶಾಸ್ತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ವಿಧಾನಕ್ಕೂ ಪ್ರಾಧಾನ್ಯ ಕೊಟ್ಟವು. ನಿಯಮ ಒಂದೇ: ಒಂದು ಗುಂಪಿನವರು ಇನ್ನೊಂದು ಗುಂಪಿನವರೊಡನೆ ಈ ವಿಷಯವಾಗಿ ಮಾತನಾಡಕೂಡದು. ಚಿತ್ರ ತೋರಿಸಕೂಡದು; ಸುಳಿವು ಕೊಡಕೂಡದು. ವರ್ಷಗಟ್ಟಲೆ ಭೂಮಿಯ ಎರಡು ಕಡೆಗಳಿಂದ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಕುಳಿತು ಪರಸ್ಪರ ಮಾತನಾಡುತ್ತಿದ್ದ ಸಹೋದ್ಯೋಗಿಗಳು ಏಳು ವಾರ ಮೌನವ್ರತ ಹಿಡಿದರು. ಒಂದೇ ಕಟ್ಟಡದಲ್ಲಿ ಎದುರುಬದುರಾದ ಗೆಳೆಯರೂ ಊಟ ತಿಂಡಿಯ ಮಾತಾಡಿ ಮುಂದೆ ಸಾಗಬೇಕಾದ ಪರಿಸ್ಥಿತಿ!

ಜುಲೈ ೨೪ರಂದು ಕೇಂಬ್ರಿಜ್‌ನಲ್ಲಿ ಎಲ್ಲರೂ ಸೇರಿದರು. ನಾಲ್ಕು ಗುಂಪುಗಳ ನಾಲ್ಕು ಚಿತ್ರಗಳನ್ನು ಒಟ್ಟಿಗೆ ಇರಿಸಿ ನೋಡಿದರು. ಸೂಕ್ಷ್ಮಗಳಲ್ಲಿ ಅವು ಬೇರೆ ಬೇರೆಯಾಗಿದ್ದವು. ಆದರೆ ನಾಲ್ಕರಲ್ಲಿಯೂ ಉಂಗುರವಿತ್ತು. ಅದರ ಅಳತೆ ಸರಿಸುಮಾರು ಒಂದೇ. ಅದರ ಕೆಳಭಾಗ ಮೇಲ್ಭಾಗಕ್ಕಿಂತ ಹೆಚ್ಚು ಪ್ರಕಾಶಮಾನವಾಗಿದ್ದುದೂ ನಾಲ್ಕರಲ್ಲಿ ಒಂದೇ. ಆ ಮೌನವಿಲ್ಲದಿದ್ದರೆ ಈ ಹೊಂದಿಕೆಗೆ ಬೆಲೆಯೇ ಇರುತ್ತಿರಲಿಲ್ಲ.

ಇಷ್ಟರಿಂದಲೂ ಅವರು ತೃಪ್ತರಾಗಲಿಲ್ಲ. ತಟ್ಟೆಯಾಕಾರ, ಜೋಡಿ ಚುಕ್ಕೆ ಮುಂತಾದ ನಾನಾ ಆಕಾರಗಳ ಕೃತಕ ದತ್ತಾಂಶಗಳನ್ನು ಸೃಷ್ಟಿಸಿ, ತಮ್ಮ ಕಂಪ್ಯೂಟರ್ ಕ್ರಮವಿಧಿಗಳಿಗೇ ಪರೀಕ್ಷೆಯಿಟ್ಟರು. ತಟ್ಟೆಯನ್ನು ಕೊಟ್ಟಾಗ ತಟ್ಟೆಯನ್ನೇ ಬಿಡಿಸಬೇಕು. ಅಲ್ಲಿಯೂ ಉಂಗುರವನ್ನು ಬಿಡಿಸುವ ವಿಧಾನ ನಂಬಿಕೆಗೆ ಅರ್ಹವಲ್ಲ. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೂರು ವಿಧಾನಗಳ ಚಿತ್ರಗಳ ಸರಾಸರಿಯೇ ಮುಂದೆ ಜಗತ್ತು ಕಂಡ ಚಿತ್ರ.

ಆರು ನಗರ, ಒಂದು ಗಳಿಗೆ

ಇನ್ನೂರಕ್ಕೂ ಹೆಚ್ಚು ಜನರಿಗೆ ತಿಳಿದಿರುವ ಗುಟ್ಟನ್ನು ತಿಂಗಳುಗಟ್ಟಲೆ ಕಾಪಾಡುವುದೂ ಒಂದು ಸಾಹಸವೇ. ೨೦೧೯ರ ಏಪ್ರಿಲ್ ೧೦ರಂದು ಆ ಗುಟ್ಟು ಹೊರಬಿತ್ತು. ಮೊದಲು ಯಾವ ದೇಶದಲ್ಲಿ ಪ್ರಕಟಿಸಬೇಕೆಂಬ ಜಗಳಕ್ಕೇ ಅವಕಾಶವಾಗಲಿಲ್ಲ. ಬ್ರಸೆಲ್ಸ್, ಸ್ಯಾಂಟಿಯಾಗೊ, ಶಾಂಘಾಯ್, ತೈಪೆ, ಟೋಕಿಯೋ, ವಾಷಿಂಗ್ಟನ್ – ಈ ಆರು ನಗರಗಳಲ್ಲಿ ಏಕಕಾಲದಲ್ಲಿ ಪತ್ರಿಕಾಗೋಷ್ಠಿಗಳು ನಡೆದವು. ವಾಷಿಂಗ್ಟನ್ನಿನಲ್ಲಿ ಬೆಳಿಗ್ಗೆ ಒಂಬತ್ತು. ಟೋಕಿಯೋದಲ್ಲಿ ರಾತ್ರಿ ಹತ್ತು. ನಮ್ಮ ನಾಡಿನಲ್ಲಿ ಸಂಜೆ ಆರೂವರೆ, ದೀಪ ಹಚ್ಚುವ ವೇಳೆ. ಅದೇ ದಿನ ಆರು ವೈಜ್ಞಾನಿಕ ಪ್ರಬಂಧಗಳೂ ಒಟ್ಟಿಗೆ ಪ್ರಕಟವಾದವು.

ಇದು ಯಾರ ಚಿತ್ರ?

ಚಿತ್ರ ಬಂದುದಾಯಿತು, ಕೀರ್ತಿಯನ್ನು ಹಂಚುವ ಬಗೆ ಹೇಗೆ? ತಂಡದ ತರುಣ ವಿಜ್ಞಾನಿ ಕೇಟಿ ಬೌಮನ್ ಅವರು ಚಿತ್ರವು ಮೂಡುತ್ತಿರುವುದನ್ನು ನೋಡಿ ಹಿಗ್ಗುತ್ತಿರುವ ಒಂದು ಛಾಯಾಚಿತ್ರವು ಆ ದಿನ ಲೋಕದಾದ್ಯಂತ ಹರಡಿತು. ಈ ಚಿತ್ರವೆಲ್ಲ ಅವರೊಬ್ಬರದೇ ಸೃಷ್ಟಿಯೆಂದು ಕೆಲವರು ಹೊಗಳಿದರು. ಅದನ್ನು ಸಹಿಸದ ಮತ್ತೆ ಕೆಲವರು, ಕ್ರಮವಿಧಿಯನ್ನು ಬರೆದವರು ಅದೇ ತಂಡದ ಆಂಡ್ರ್ಯೂ ಚೇಲ್ ಎಂದು ಸಾಧಿಸುತ್ತ ಆಕೆಯನ್ನು ಹೀಯಾಳಿಸಿದರು. ಯಾವ ಒಬ್ಬ ವ್ಯಕ್ತಿಯಿಂದಲೂ ಯಾವ ಒಂದು ಕ್ರಮವಿಧಿಯಿಂದಲೂ ಈ ಚಿತ್ರ ಉಂಟಾದುದಲ್ಲ, ಇದು ಇಡೀ ತಂಡದ ಕೆಲಸ ಎಂದು ಬೌಮನ್ ಸ್ಪಷ್ಟಪಡಿಸಿದರು. ಚೇಲ್ ಅವರೂ ಮುಂದೆ ಬಂದು, ತಮ್ಮ ಹೆಸರಿನಲ್ಲಿ ಸಹೋದ್ಯೋಗಿಯ ಮೇಲೆ ನಡೆದ ದಾಳಿಯನ್ನು ಬಹಿರಂಗವಾಗಿ ಖಂಡಿಸಿದರು. ಹೊರಗಿನ ಲೋಕವು ಒಬ್ಬ ನಾಯಕನನ್ನೋ ನಾಯಕಿಯನ್ನೋ ಹುಡುಕುತ್ತಿದ್ದಾಗ, ಒಳಗಿನವರು ಒಬ್ಬರನ್ನೊಬ್ಬರು ಬಿಟ್ಟುಕೊಡಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ಕಾರ್ಯಕ್ಕೆ ಮೂವತ್ತು ಲಕ್ಷ ಡಾಲರುಗಳ ‘ಬ್ರೇಕ್‌ಥ್ರೂ’ ಬಹುಮಾನ ಘೋಷಣೆಯಾಯಿತು. ಅದನ್ನು ಪ್ರಬಂಧಗಳಿಗೆ ಸಹಿ ಹಾಕಿದ ೩೪೭ ವಿಜ್ಞಾನಿಗಳಿಗೂ ಸಮನಾಗಿ ಹಂಚಲಾಯಿತು. ನಿರ್ದೇಶಕರಿಗೂ ಅಷ್ಟೇ, ಪಟ್ಟಿಯ ಕಡೆಯ ಹೆಸರಿನವರಿಗೂ ಅಷ್ಟೇ.

೨೦೨೦ರಲ್ಲಿ ಕೊರೋನಾ ಸಾಂಕ್ರಾಮಿಕದಿಂದಾಗಿ ಆ ವರ್ಷದ ವೀಕ್ಷಣೆಯನ್ನೇ ಕೈಬಿಡಬೇಕಾಯಿತು. ೨೦೨೧ರಲ್ಲಿ ಹೊಸ ದೂರದರ್ಶಕಗಳನ್ನೂ ಸೇರಿಸಿಕೊಂಡು ಕೆಲಸ ಪುನಃ ಆರಂಭವಾಯಿತು. ಧ್ರುವದ ಡಿಸ್ಕುಗಳಿಗಾಗಿ ಕಾದಿದ್ದೂ ವ್ಯರ್ಥವಾಗಲಿಲ್ಲ: ೨೦೧೭ರ ಅದೇ ರಾತ್ರಿಗಳಲ್ಲಿ ಸಂಗ್ರಹಿಸಿದ ದತ್ತಾಂಶದಿಂದ, ನಮ್ಮ ಆಕಾಶಗಂಗೆಯ ನಡುವಿನ ಕೃಷ್ಣರಂಧ್ರದ ಚಿತ್ರವೂ ಸಿದ್ಧವಾಗಿ ೨೦೨೨ರ ಮೇ ೧೨ರಂದು ಪ್ರಕಟವಾಯಿತು.

ಇಂದು ನಮ್ಮ ಮನೆಗಳಲ್ಲಿಯೇ ಎಷ್ಟೋ ಮಂದಿ ತರುಣ ತರುಣಿಯರು ನಡುರಾತ್ರಿಯವರೆಗೆ ಗಣಕಯಂತ್ರದ ಮುಂದೆ ಕುಳಿತು, ಕಾಣದ ದೇಶದ ಜೊತೆಗಾರರೊಡನೆ ಕೆಲಸ ನಡೆಸುತ್ತಾರೆ. ಮಾತಿಗೆ ಅವರಲ್ಲಿ ಬರವಿಲ್ಲ; ಬರವಿರುವುದು ನಿದ್ದೆಗೆ. ಯಾವ ಗಡಿಯಾರವನ್ನು ಹಿಡಿಯಬೇಕು, ಕಡೆಯ ಮಾತು ಯಾರದು, ಎಲ್ಲಿ ಒಬ್ಬರನ್ನೊಬ್ಬರು ಕೇಳದೆ ತಮ್ಮ ಪಾಡಿಗೆ ತಾವು ದುಡಿಯಬೇಕು – ಈ ಮೂರನ್ನು ಮೊದಲೇ ಗೊತ್ತುಮಾಡಿಕೊಂಡಿದ್ದರಿಂದಲೇ ಆರು ನೆಲೆಗಳವರು ಐದೇ ರಾತ್ರಿಗಳಲ್ಲಿ ತಮ್ಮ ಕಾರ್ಯವನ್ನು ಮುಗಿಸಿ ಮಲಗಲು ಹೋದರು. ಧ್ರುವದವರಿಗಂತೂ ಬೆಳಗಾಗಲು ಇನ್ನೂ ಐದು ತಿಂಗಳಿತ್ತು.